ಹಿಮ ಕೂತ ಹುಲ್ಲಿನ ಮೇಲೆ ಕಾಲಿಡಬಾರದು

ಬೆಳ್ಳಗೆ, ಯಾರೋ ಉಪ್ಪು ಜರಡಿ ಹಿಡಿದ ಹಾಗೆ ಬೆಳ್ಳಗೆ, ಅದರ ಅಂಚಿನಲ್ಲಿ ಮಗಳ ಹೆಜ್ಜೆಗಳು ಮಾತ್ರ ಕಡುಹಸಿರು, ಒಳಕ್ಕೆ ಬಂದು ಗಕ್ಕನೆ ನಿಂತುಹೋದ ಹೆಜ್ಜೆಗಳು, ಇನ್ನೊಂದು ಊರಬೇಕಿತ್ತು, ಊರುವ ಮೊದಲೇ ಅವನು ಕೂಗಿಬಿಟ್ಟಿದ್ದ, ಏಯ್, ಅಲ್ಲೇ ನಿಲ್ಲು, ಕಾಲಿಡಬೇಡ! — ನಾಯಿಯನ್ನು ಗದರಿಸುವಂಥ ಆ ದನಿ ತನ್ನೊಳಗೆ ಎಲ್ಲಿತ್ತೋ, ಮನೆಯಲ್ಲಿ ಒಂದು ಲೋಟ ನೀರು ಕೇಳುವುದಕ್ಕೂ ಗಂಟಲು ಸರಿಮಾಡಿಕೊಳ್ಳುವವನು ತಾನು. ಅವಳ ಕಾಲು ಗಾಳಿಯಲ್ಲೇ ನಿಂತಿತು. ತೆಳು ಬಟ್ಟೆಯ ಶೂ, ತುದಿ ನೆನೆದು ಬೂದಿಬಣ್ಣಕ್ಕೆ ತಿರುಗಿತ್ತು. ಆಮೇಲೆ ಹಿಂದಕ್ಕೆ ಇಟ್ಟಳು, ಮೆಲ್ಲಗೆ, ತನ್ನದೇ ಹೆಜ್ಜೆಯ ಮೇಲೆ. ಹುಲ್ಲು ಅಲ್ವಾ ಅಪ್ಪ, ಮರೆತೇಹೋಯ್ತು, ಅಂದಳು. ಸುತ್ತು ಹಾಕಿಕೊಂಡು ಬಾರೇ, ಆ ಕಡೆಯಿಂದ ಬಾ, ಅಂದ ಅವನು, ಅಂದನಲ್ಲವೇ? ಅಂದ, ಆದರೆ ಅಷ್ಟು ಹೊತ್ತಿಗೆ ಅವಳು ಬ್ಯಾಗು ಹೆಗಲಿಗೇರಿಸಿಕೊಂಡಾಗಿತ್ತು, ಬೇಡಪ್ಪ, ಬಸ್ಸಿಗೆ ಹೊತ್ತಾಯ್ತು, ಸುಮ್ಮನೆ ಹೇಳಿಹೋಗೋಣ ಅಂತ ಬಂದೆ. ಹೋದಳು. ಗೇಟಿನ ಹತ್ತಿರ ಒಮ್ಮೆ ತಿರುಗಿದಳೋ ಇಲ್ಲವೋ, ಅವನು ನೋಡಲಿಲ್ಲ, ಅವನು ಹೆಜ್ಜೆಗಳನ್ನು ನೋಡುತ್ತಿದ್ದ, ಇವು ಈಗ ಕಾಣುತ್ತವೆ, ಬಿಸಿಲು ಬಿದ್ದರೆ ಮಾಯ, ಆಮೇಲೆ ಕೆಲವು ದಿನಕ್ಕೆ ಕಂದು ಬಣ್ಣದಲ್ಲಿ ಎದ್ದು ಬರುತ್ತವೆ, ಅದೇ ಅಳತೆ, ಅದೇ ಆಕಾರ, ಹುಲ್ಲು ಚಿಗುರುವ ಕಾಲದವರೆಗೂ ಹೋಗುವುದಿಲ್ಲ.

ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವುದನ್ನು ಕಲಿಸುವ ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದು ಅದನ್ನೇ, ಎಸಳಿನೊಳಗಿನ ನೀರು ಹೆಪ್ಪುಗಟ್ಟಿರುತ್ತೆ ಕಣ್ರೀ, ಮೆಟ್ಟಿದರೆ ಗಾಜಿನ ಹಾಗೆ ಒಳಗೇ ಮುರಿಯುತ್ತೆ, ಹೊರಗೆ ಏನೂ ಗೊತ್ತಾಗಲ್ಲ, ಚಳಿಗಾಲದಲ್ಲಿ ನೀವು ಹುಲ್ಲಿಗೆ ಮಾಡೋ ದೊಡ್ಡ ಉಪಕಾರ ಅಂದರೆ ಸುಮ್ಮನಿರೋದು. ಹಗಲೆಲ್ಲ ದುಡಿದು ತೂಕಡಿಸುತ್ತಾ ಕೂತಿದ್ದವನಿಗೆ ಅದೊಂದು ಮಾತು ಮಾತ್ರ ಆಣಿ ಹೊಡೆದ ಹಾಗೆ ಕೂತಿತ್ತು, ಬಹುಶಃ ತನ್ನ ಸ್ವಭಾವಕ್ಕೆ ಹೊಂದುತ್ತಿತ್ತು ಅಂತಲೋ ಏನೋ. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಎತ್ತರಿಸು, ನೀರು ನಿಲ್ಲಿಸು, ಚೆಂಡು ಬೀಳುವ ಕುಳಿಯನ್ನು ಇವತ್ತು ಇಲ್ಲಿ ನಾಳೆ ಅಲ್ಲಿ ಬದಲಾಯಿಸು, ಒಂದೇ ಕಡೆ ತುಳಿತ ಬೀಳದಿರಲಿ, ಉದ್ದ ಗಳ ಹಿಡಿದು ಇಬ್ಬನಿ ಕೊಡವು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ, ಹಿಮ ಬಿದ್ದ ಬೆಳಗ್ಗೆ ಯಾರನ್ನೂ ಬಿಡಬೇಡ — ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವ ಈ ಬೋಳು ಹುಲ್ಲಿನ ಗ್ರೀನುಗಳೇ ತನ್ನ ಪಾಲಿನ ಜಗತ್ತು, ಅಂಗೈಯಿಂದ ಮುಟ್ಟಿ ನೋಡಿದರೆ ಯಾವುದಕ್ಕೆ ಏನಾಗಿದೆ ಹೇಳಬಲ್ಲೆ ಅಂದುಕೊಂಡಿದ್ದಾನೆ, ಹೇಳಬಲ್ಲೆನೇ? ಹೋದ ವರ್ಷ ಮೂಲೆಯ ಗ್ರೀನಿಗೆ ಬೂಷ್ಟು ಹಿಡಿದಾಗ ನಾಲ್ಕು ದಿನ ನೋಡೋಣ ಅಂದಿದ್ದ, ನೋಡುತ್ತಾ ನೋಡುತ್ತಾ ಅರ್ಧ ಗ್ರೀನು ಹೋಗಿತ್ತು. ಅಂಗೈ ಈಗ ಒಡೆದು ಸೀಳಿದೆ, ಸೊಂಟ ಹಿಡಿದುಕೊಂಡಿದೆ, ಬೂಟಿನೊಳಗೆ ಬೆರಳುಗಳು ಇವೆಯೋ ಇಲ್ಲವೋ. ಕ್ಲಬ್ಬಿನ ಜಗಲಿಯಿಂದ ಆಟಕ್ಕೆ ಕಾದು ಕೂತ ವಕೀಲರ ದನಿ, ಏನ್ ಹುಲ್ಲಪ್ಪನೋರೇ, ನಿಮ್ಮ ಕೂಸು ಇನ್ನೂ ಎದ್ದಿಲ್ವಾ? ಎಲ್ಲರೂ ನಗುತ್ತಾರೆ, ಕೈಯಲ್ಲಿ ಕಾಫಿ, ಆವಿ. ಇನ್ನೊಂದು ಸ್ವಲ್ಪ ಹೊತ್ತು ಸಾರ್, ಕರಗಲಿ. ತೊಟ್ಟಿಲು ತೂಗಿ ಬೇಕಾದ್ರೆ! ಅವನೂ ನಗುತ್ತಾನೆ, ನಗಬೇಕಲ್ಲ — ಗಾಳಿಯಲ್ಲಿ ನಿಂತ ಕಾಲು, ನೆನೆದ ತುದಿ.

ಮೂರು ವಾರದ ಹಿಂದೆ ಗಂಡನ ಮನೆಯಿಂದ ಬಂದವಳು, ಅದೇ ಬ್ಯಾಗು, ಅದೇ ಶೂ, ಬಂದವಳೇ ಒಳಗೆ ಹೋಗಿ ಮಲಗಿದಳು. ಯಾಕೆ ಅಂತ ಅವನು ಕೇಳಲಿಲ್ಲ, ಹೆಂಡತಿಯೇ ಆಮೇಲೆ ಪಾತ್ರೆ ಒರೆಸುತ್ತಾ ಹೇಳಿದ್ದು, ಮಾತಿಗೆ ಮಾತು ಬೆಳೆದರೆ ಅಳಿಯಂದಿರು ಇವಳನ್ನ ಹೊರಗೆ ನಿಲ್ಲಿಸಿ ಬಾಗಿಲು ಹಾಕ್ಕೋತಾರಂತೆ ಕಣ್ರೀ, ಈ ಚಳೀಲಿ, ಸ್ವೆಟರೂ ಇಲ್ಲದೆ, ಪಕ್ಕದ ಮನೆಯವರು ನೋಡ್ತಾ ಇದ್ದರೂ ತೆಗೆಯಲ್ಲವಂತೆ. ಅವನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಿದ್ದ. ಎದ್ದು ಅವಳ ಕೋಣೆಯವರೆಗೆ ಹೋಗಿದ್ದ, ಬಾಗಿಲು ಮುಂದೆ ಮಾಡಿತ್ತು, ಕೈ ಎತ್ತಿ, ತಟ್ಟಲೋ ಬೇಡವೋ, ಈಗ ಗಾಯ ಹಸಿ ಇದೆ, ಮುಟ್ಟಿದರೆ ಇನ್ನೂ ಕೆಡುತ್ತದೆ, ತಾನೇ ಹೇಳಲಿ, ಹೊತ್ತು ಬರಲಿ — ವಾಪಸ್ಸು ಬಂದ. ಮಾರನೇ ದಿನವೂ, ಅದರ ಮಾರನೇ ದಿನವೂ. ನಿಮ್ಮ ಹುಲ್ಲಿಗೆ ಕೆಮ್ಮು ಬಂದರೂ ಎದ್ದು ಓಡ್ತೀರಿ, ಹೆತ್ತ ಮಗಳನ್ನ ಒಂದು ಮಾತು ಕೇಳೋಕೆ ನಿಮಗೆ ಮುಹೂರ್ತ ಬೇಕು ಅಂತಾಳೆ ಹೆಂಡತಿ. ನಿನ್ನೆ ಅಳಿಯನ ಫೋನು ಬಂತು, ಬಾ, ಇನ್ನು ಹಾಗೆ ಮಾಡಲ್ಲ. ಅವಳು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ, ಕಿಟಕಿಯ ಹತ್ತಿರ ಕೂತೇ ಇದ್ದಳು, ಅವನು ಬೂಟಿಗೆ ಎಣ್ಣೆ ಸವರುತ್ತಾ ಕೂತೇ ಇದ್ದ.

ಜೇಬಿನಲ್ಲಿ ಫೋನು ನಡುಗುತ್ತದೆ, ಹೆಂಡತಿ. ಏನ್ರೀ, ಏನಂದ್ರಿ ಅವಳಿಗೆ? ಯಾವಾಗ? ಯಾವಾಗ ಅಂದರೆ, ಅಲ್ಲಿಗೇ ಬಂದಿದ್ದಳಲ್ಲ, ಅಪ್ಪನ್ನ ಕೇಳ್ತೀನಿ, ಅಪ್ಪ ಇರು ಅಂದರೆ ಇದ್ದುಬಿಡ್ತೀನಿ ಅಂತ ಹೇಳಿ ಹೊರಟಳು, ಬ್ಯಾಗು ಯಾಕೆ ಬಿಡೇ ಅಂದರೆ, ಅಪ್ಪ ಏನಂತಾರೋ ನೋಡೋಣ ಅಂದಳು, ಏನಂದ್ರಿ? — ಅಲ್ಲೇ ನಿಲ್ಲು ಅಂದೆ ಕಣೇ ಅಂತ ಅವನಿಂದ ಅನ್ನಲಾಗುವುದಿಲ್ಲ, ಹುಲ್ಲು ಹಾಳಾಗುತ್ತಿತ್ತು ಅನ್ನಲಾಗುವುದಿಲ್ಲ, ಅಳಿಯನ ಮನೆಯ ಆ ಚಳಿಯ ಜಗಲಿ, ಹಾಕಿದ ಬಾಗಿಲು, ಇಲ್ಲಿ ಬಾಗಿಲೂ ಇರಲಿಲ್ಲ, ಬರೀ ಬಯಲು, ಬಯಲಿನಲ್ಲೂ ನಿಲ್ಲಿಸಿದೆನಲ್ಲ. ಮಾತಾಡ್ರೀ! ಫೋನು ಇಡ್ತೀನಿ, ಇರು, ಅವಳಿಗೇ ಮಾಡ್ತೀನಿ.

ಬೆರಳು ಮರಗಟ್ಟಿದೆ, ಪರದೆ ಮುಟ್ಟಿದರೂ ತಿಳಿಯುವುದಿಲ್ಲ, ಬಾಯಿಗಿಟ್ಟು ಊದಿಕೊಂಡು ಮತ್ತೆ ಒತ್ತುತ್ತಾನೆ. ಆ ಕಡೆ ಗಂಟೆ ಹೊಡೆಯುತ್ತದೆ, ಹೊಡೆಯುತ್ತದೆ. ಮರದ ತಲೆ ದಾಟಿ ಬಿಸಿಲು ಗ್ರೀನಿನ ಮೇಲೆ ಬಿತ್ತು, ಬಿಳುಪು ಅಂಚಿನಿಂದ ಹಿಂದೆ ಸರಿಯುತ್ತಿದೆ, ಹೆಜ್ಜೆಗಳು ಸುತ್ತಲ ಹಸಿರಿಗೆ ಸೇರಿಹೋಗುತ್ತಿವೆ, ಆಟಕ್ಕೆ ಬಿಡಬಹುದೇನ್ರೀ ಈಗ, ಕ್ಲಬ್ಬಿನ ಕಾರ್ಯದರ್ಶಿಗಳು ಕೇಳುತ್ತಿದ್ದಾರೆ, ಅವನು ಕೈಯಾಡಿಸುತ್ತಾನೆ, ಬನ್ನಿ ಅಂತಲೋ ತಾಳಿ ಅಂತಲೋ ಅವನಿಗೇ ತಿಳಿಯದು. ಹೇಳಪ್ಪ, ಅಂದಳು ಮಗಳು, ಹಿಂದೆ ಎಂಜಿನ್ನಿನ ಗುರುಗುರು. ಎಲ್ಲಿದ್ದೀಯ? ಬಸ್ಸಲ್ಲಿ. ಇನ್ನೇನು ಹೇಳಬೇಕು, ಮೊದಲೇ ಮಾತು ಜೋಡಿಸಿಕೊಂಡಿದ್ದರೆ ಚೆನ್ನಾಗಿತ್ತು, ಕ್ಷಮಿಸು ಅನ್ನಬೇಕೇ, ಮಗಳಿಗೆ ಹಾಗೆ ಅನ್ನುತ್ತಾರೆಯೇ — ಮನೆ ಬೀಗದ ಕೈ ಇದೆಯೇನೇ ನಿನ್ನ ಹತ್ರ? ಇಲ್ಲಪ್ಪ, ಅಮ್ಮನಿಗೆ ಕೊಟ್ಟು ಬಂದೆ. ವಾಪಸ್ಸು ಇಸ್ಕೋ. ಏನು? ವಾಪಸ್ಸು ಇಸ್ಕೊಂಡು ನಿನ್ನ ಹತ್ರಾನೇ ಇಟ್ಕೋ. ಇಳಿ ಪುಟ್ಟಿ, ಮುಂದಿನ ಸ್ಟಾಪಲ್ಲಿ ಇಳಿ. ಎಂಜಿನ್ನು, ಯಾರದೋ ಮಗುವಿನ ಅಳು, ಕಂಡಕ್ಟರ ದನಿ, ಬಸ್ಸು ನಿಧಾನವಾಯಿತೇನೋ, ಬಾಗಿಲು ತೆರೆದ ಸದ್ದೇ ಅದು, ಗಾಳಿ ಬುಸ್ಸೆಂದಿತು, ಪುಟ್ಟೀ? — ಅವನ ಕಣ್ಣೆದುರು ಬಸ್ಸಿನ ಮೆಟ್ಟಿಲ ತುದಿಯಲ್ಲಿ, ನೆನೆದ ಶೂ, ಎತ್ತಿದ ಒಂದು ಕಾಲು, ಗಾಳಿಯಲ್ಲಿ, ಇನ್ನೂ ಗಾಳಿಯಲ್ಲಿ,