ತಂತಿಯೊಳಗಿನ ನೆರಳು

ಸೋಲಾರ್ ಕಂಪನಿಗಳಿಗೆ ಬಂಡವಾಳ ಹಾಕುವ ಸಂಸ್ಥೆಯಲ್ಲಿ ನನ್ನ ಕೆಲಸ. ಹಣ ಹೋದ ಊರಿನ ಜನಕ್ಕೆ ಒಳ್ಳೆಯದಾಯಿತೇ ಎಂದು ಕೇಳಿ ಬರಬೇಕು. ಎಲ್ಲ ಕಡೆಯೂ ಕಂಪನಿಯವರು ಹೊಲ ಬಾಡಿಗೆಗೆ ಕೊಟ್ಟ ಮಾಲಕರನ್ನೇ ಮುಂದೆ ಕೂಡಿಸುತ್ತಾರೆ. ಅವರು “ಛಲೋ ಆಗೇತ್ರಿ” ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಅಮ್ಮಿನಬಾವಿಯಲ್ಲೂ ಅದೇ ಆಯಿತು. ಬೇಸತ್ತು ಕಂಪನಿಯವರು ಸಭೆಗೆ ಹಾಕಿಸಿದ್ದ ಪೆಂಡಾಲಿನಿಂದ ಎದ್ದು ಬಂದೆ. ಸೋಲಾರ್ ಹೊಲದ ಬೇಲಿಯ ಹೊರಗೆ, ಸುಡುಬಿಸಿಲಲ್ಲಿ, ಕೂಲಿ ಹೆಂಗಸರು ತಲೆತುಂಬ ಸೆರಗು ಹೊದ್ದು ಬುತ್ತಿ ಬಿಚ್ಚಿದ್ದರು.

“ಬಿಸಿಲಾಗ ಯಾಕ ಕೂತೀರಿ?” ಎಂದೆ.

“ಇಲ್ಲೊಂದು ಬೇವಿನ ಗಿಡ ಇತ್ರಿ ಬಾಯಾರ, ಪ್ಯಾನೆಲ್ ಮ್ಯಾಲ ನೆರಳ ಬೀಳ್ತದಂತ ಕಂಪನ್ಯಾರು ಕಡದ್ರು,” ಎಂದಳು ಅವರಲ್ಲಿ ಹಿರಿಯಳಾದ ಹುಲಿಗೆವ್ವ. “ಈ ಬೇಲಿಯೊಳಗಿನ ಹೊಲದಾಗ ಕಳೆ ತಗಿಯೋ ಕೆಲಸಾನೂ ಹೋತು. ಈಗ ಬಾಜೂ ಹೊಲಕ್ಕ ಬರ್ತೀವಿ.”

ನನ್ನ ಬೆನ್ನಿಗೇ ಓಡಿಬಂದ ಕಂಪನಿಯ ಮ್ಯಾನೇಜರ್ ಸಂಕೇತ, “ಒಂದು ಶೆಡ್ ಹಾಕಿಸೋಣ್ರಿ ಮೇಡಂ, ಫೋಟೋನೂ ಛಲೋ ಬರ್ತದ,” ಎಂದ.

ಹುಲಿಗೆವ್ವ ರೊಟ್ಟಿ ಮುರಿಯುತ್ತಲೇ ಬೇಲಿಯೊಳಗೆ ಕೈ ತೋರಿಸಿದಳು. ಸಾಲು ಸಾಲು ಪ್ಯಾನೆಲ್‌ಗಳ ಕೆಳಗೆ ತಂಪಾದ ನೆರಳಿತ್ತು.

“ಇಷ್ಟಕೊಂದು ನೆರಳು ಮಾಡೀರಿ. ಅದಕ್ಕೂ ತಂತಿ ಯಾಕ ಬಿಗಿದೀರಿ?”

ಸಂಕೇತ ನನ್ನ ಮುಖ ನೋಡಿದ.

“ಮುಂದಿನ ಕಂತಿನ ಹಣ ಬೇಕಂದ್ರ ಗೇಟಿನ ಕೀಲಿ ತಗೀರಿ,” ಎಂದೆ. “ಒಳಗ ಕಳೆ ತಗಿಯೋ ಕೆಲಸಾನೂ ಇವರಿಗೇ ಕೊಡ್ರಿ.”

ಹುಲಿಗೆವ್ವ ಕೂತಲ್ಲಿಂದ ಅಲುಗಲಿಲ್ಲ. “ಹ್ವಾದ ಸಲ ಬಂದವರೂ ಹಿಂಗ ಅಂದಿದ್ರು,” ಎಂದು ತುತ್ತು ಬಾಯಿಗಿಟ್ಟಳು.

ನಾನು ಪೆಂಡಾಲಿಗೆ ಮರಳಲಿಲ್ಲ. ಕೀಲಿ ತೆಗೆಯುವವರೆಗೆ ಏಳುವುದಿಲ್ಲ ಎಂದು ಆಕೆಯ ಪಕ್ಕ ಬಿಸಿಲಲ್ಲೇ ಕೂತೆ.