ಹಳ್ಳಕ್ಕೆ ಅಡ್ಡ ಮಲಗಿದ ಬೊಡ್ಡೆಗಳು

ಗಂಡ ಸಿದ್ದಲಿಂಗೇಶನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ದಾಕ್ಷಾಯಣಿ ಎಂದಿನಂತೆ ಎದ್ದು ಅಂಗಳಕ್ಕೆ ನೀರು ಹಾಕಿದಳು. ರಾತ್ರಿ ಕುರುಗೋಡಿನ ಗುಡ್ಡದ ಮೇಲೆ ಜೋರು ಮಳೆಯಾಗಿತ್ತು. ಪಕ್ಕದ ಹೊಲದ ಜಡೆಪ್ಪ ಟ್ರ್ಯಾಕ್ಟರ್ ನಿಲ್ಲಿಸಿದ.

“ತಂಗೀ, ಗಣಾರಾಧನಿ ಅಡಿಗಿಗೆ ಕಟ್ಟಿಗಿ ಬೇಕಲ್ಲ. ಮ್ಯಾಲೆ ಹಳ್ಳದಾಗ ಸಿದ್ದಲಿಂಗೇಶ ಒಟ್ಟಿದ ಬೊಡ್ಡಿ ಅದಾವು. ಹೇರಿಕೊಂಡು ಬರ್ತೀನಿ.”

ಸತ್ತವರ ಹೆಸರಲ್ಲಿ ಊಟ ಹಾಕುವ ಗಣಾರಾಧನೆಗೆ ಸಾವಿನ ಮನೆಗೆ ಕಟ್ಟಿಗೆ ಹಾಕುವುದು ನೆರೆಯವರ ಪದ್ಧತಿ. ಅವನದು ಒಳ್ಳೆಯ ಮನಸ್ಸೇ.

“ಬ್ಯಾಡ್ರಿ ಅಣ್ಣಾ. ಅವು ನೀರು ತಡಿಯಾಕ ಹಾಕಿದ ಅಡ್ಡಗಟ್ಟು.”

“ಬಿದ್ದ ಕಟ್ಟಿಗಿ ಏನು ತಡೀತೈತಿ? ನಾ ಹಿಂದನ ಜೆಸಿಬಿ ಹಚ್ಚಿ ಹೊಲದ ಹತ್ರ ಹಳ್ಳ ನೆಟ್ಟಗ ಮಾಡ್ಸೀನಿ. ನೀರು ಹೊಳ್ಳಿ ನೋಡದಂಗ ಓಡತೈತಿ.”

“ಓಡಿ ಎಲ್ಲಿಗೆ ಹೋತ್ರಿ? ಹೋದ ವರ್ಷ ನಿಮ್ಮ ಮೆಣಸಿನಗಿಡದಾಗ ಅಲ್ಲೇನು?”

ಜಡೆಪ್ಪ ತನ್ನ ಹೊಲದ ಕಡೆ ನೋಡಿದ. ಈ ವರ್ಷವೂ ಗಿಡ ಹೂವಿಗೆ ಬಂದಿತ್ತು. ಇನ್ನೊಮ್ಮೆ ಹಳ್ಳ ನುಗ್ಗಿದರೆ ವರ್ಷದ ದುಡಿಮೆ ಹೋಗುತ್ತಿತ್ತು.

“ರಾತ್ರಿ ಅಷ್ಟು ಮಳಿ ಬಂತು. ನಿಮ್ಮ ಹೊಲಕ್ಕ ನೀರು ನುಗ್ಗೇತೇನು? ಬರ್ರಿ, ಯಾಕಂತ ತೋರಸ್ತೀನಿ.”

ಗುಡ್ಡದ ಕಾಡಿನ ಹಳ್ಳದಲ್ಲಿ ಹನ್ನೊಂದು ಕಡೆ ಬೊಡ್ಡೆಗಳು ಅಡ್ಡ ಮಲಗಿದ್ದವು. ಈ ಬೇಸಿಗೆಯಲ್ಲಿ ಸಿದ್ದಲಿಂಗೇಶ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ಒಣಗಿ ಬಿದ್ದ ಮರಗಳನ್ನಷ್ಟೇ ಎಳೆದು, ಗೂಟ ಹೊಡೆದು ಬಿಗಿದಿದ್ದ. ಕೆಳಗೆ ಸಂದು ಬಿಟ್ಟಿದ್ದ. ಸಣ್ಣ ನೀರು ಸಂದಿನಲ್ಲಿ ಹರಿಯುತ್ತದೆ. ಹಳ್ಳ ತುಂಬಿ ಬಂದರೆ ನೀರು ಅಕ್ಕಪಕ್ಕದ ಕಾಡಿಗೆ ಹರಡಿ, ನೆಲಕ್ಕೆ ಇಂಗಿ, ನಿಧಾನವಾಗಿ ಇಳಿಯುತ್ತದೆ.

“ಎಲ್ಲಾ ನೀರು ಒಮ್ಮೆಲೆ ಬರಂಗಿಲ್ರಿ. ಸರತಿ ಹಚ್ಚಿ ಬರ್ತೈತಿ.”

“ರೇಷನ್ ಅಂಗಡಿ ಮುಂದ ನಿಂತಂಗ!”

ಬೊಡ್ಡೆಯ ಹಿಂದಿನ ಮಡುವಿನಲ್ಲಿ ಕಪ್ಪೆಮರಿಗಳಿದ್ದವು, ಏಡಿಗಳಿದ್ದವು. ಮಿಂಚುಳ್ಳಿಯೊಂದು ಬೊಡ್ಡೆಯ ಮೇಲೆಯೇ ಕುಳಿತಿತ್ತು. ಕೆಸರಿನಲ್ಲಿ ನವಿಲಿನ ಹೆಜ್ಜೆ, ಪಕ್ಕದಲ್ಲಿ ಅಗಲವಾದ ಪಂಜದ ಗುರುತು.

“ಯವ್ವಾ, ಕರಡಿ!” ಜಡೆಪ್ಪ ಹಿಂದೆ ಸರಿದ.

“ನಸುಕಿನ್ಯಾಗ ನೀರು ಕುಡದು ಹೋಗೇತಿ. ಇಲ್ಲೇ ನೀರು ಸಿಕ್ರ ನಮ್ಮ ಬೋರಿನ ಹತ್ರ ಯಾಕ ಬರ್ತೈತ್ರಿ?” ದಾಕ್ಷಾಯಣಿ ತಲೆ ಎತ್ತಿ ನಿಂತಳು. “ಇದು ನನ್ನ ಗಂಡ ಮಾಡಿದ ಕೆಲಸ ಅಣ್ಣಾ.”

ಜಡೆಪ್ಪ ಬಗ್ಗಿ ಬೊಡ್ಡೆಯನ್ನು ಅಲುಗಾಡಿಸಿ ನೋಡಿದ. “ಅಡಿಗಿಗೆ ನನ್ನ ಬದುವಿನ ಜಾಲಿ ಕಡದು ಹಾಕ್ತೀನಿ. ಇವನ್ನ ಯಾರರೆ ಮುಟ್ಟಿದ್ರ ನನ್ನ ಕೇಳಬೇಕು!”

ಕೊನೆಯ ಗೂಟದ ಬಳಿ ಒಂದು ಹಾರೆ ನೆಟ್ಟಿತ್ತು. ಅವಳು ಅದನ್ನು ಕಿತ್ತು, ಸೆರಗಿನಿಂದ ಮಣ್ಣು ಒರೆಸಿ, ಅವನ ಕೈಗೆ ಕೊಟ್ಟಳು.

“ನಿಮ್ಮದ ರೀ. ನಮ್ಮವ್ರು ಗೂಟ ಹೊಡಿಯಾಕ ಇಸ್ಕೊಂಡಿದ್ರು.”

ಜಡೆಪ್ಪ ಹಾರೆಯನ್ನು ಹೆಗಲಿಗೇರಿಸಲಿಲ್ಲ. ಸಡಿಲಾಗಿದ್ದ ಗೂಟದ ಬುಡದ ಮಣ್ಣನ್ನು ಅದರಿಂದ ಕುಟ್ಟಿ ಬಿಗಿಮಾಡತೊಡಗಿದ.

ಬಂಧುಗಳೇ, ನಿಮ್ಮೂರಿನ ಕಾಡಿನ ಹಳ್ಳವನ್ನು ನೆಟ್ಟಗೆ ಮಾಡಿಸಬೇಡಿ. ಅಲ್ಲಿ ಬಿದ್ದ ಮರವನ್ನು ಒಲೆಗೆ ತರಬೇಡಿ. ಮಳೆಗಾಲಕ್ಕೆ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ, ಬೊಡ್ಡೆ ಕೊಚ್ಚಿಬಂದು ಸಿಕ್ಕಿಕೊಳ್ಳದಂತೆ ಸೇತುವೆಯಿಂದ ದೂರದಲ್ಲಿ, ಕೆಳಗೆ ಸಂದು ಬಿಟ್ಟು ಅಡ್ಡಗಟ್ಟು ಹಾಕಿ. ಮೊದಲ ಮಳೆ ಬಿದ್ದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಿ, ನಿಮ್ಮ ಕೆಲಸವನ್ನು ತೋರಿಸಿ.