ದೊರೆಸಾನಿಯ ಮನೆಗೆ ಇನ್ನೊಂದು ಬಾಗಿಲು

"ಮೆಲ್ಲಗೆ, ಮೆಲ್ಲಗೆ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಡಗಿ ಮನೆಯನ್ನು ಮೇಜಿನ ಮೇಲೆ ಇಳಿಸಿದ. ಮನೆ ಎಂದರೆ ಮನೆಯೇ. ಒಂದರ ಹಿಂದೊಂದು ಮೂರು ಕೋಣೆ, ಇಳಿಜಾರು ಚಾವಣಿ, ಒಂದು ಮೊಳೆಯೂ ಇಲ್ಲದೆ ಹಲಗೆಗೆ ಹಲಗೆ ಹಲ್ಲು ಕಚ್ಚಿಸಿ ಕೂರಿಸಿದ ಗೋಡೆಗಳು. ಪ್ರಾಣಿಗಳ ಆಶ್ರಯಕೇಂದ್ರದಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಕತ್ತೆತ್ತಿ ನೋಡಿದರು. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, "ಇಂಥದ್ದು ನಮಗೂ ಒಂದು ಮಾಡಿಕೊಡ್ತೀರಾ?" ಎಂದು ಕೇಳಿದಳು. ಬಡಗಿ ಕೇಳಿಸದವನಂತೆ ನಿಂತ. ಒಂದೇ ಸಲಕ್ಕೆ ಉತ್ತರ ಕೊಟ್ಟುಬಿಟ್ಟರೆ ಜನ ಎರಡನೇ ಸಲ ಕೇಳುವುದಿಲ್ಲ ಎಂಬುದು ಅವನ ಅನುಭವ.

ಹಿಂದೆಯೇ ಅವನ ಮಾವ, ಬಟ್ಟೆ ಮುಚ್ಚಿದ ಬುಟ್ಟಿಯನ್ನು ಎದೆಗೊತ್ತಿಕೊಂಡು ಬಂದರು. ಬುಟ್ಟಿಯಲ್ಲಿ ದೊರೆಸಾನಿ ಇತ್ತು.

ಮಾವ ಕ್ಷೌರದ ಅಂಗಡಿ ಮುಚ್ಚಿ ಮಗಳ ಮನೆ ಸೇರಿದಾಗ ತಂದದ್ದು ಒಂದು ಪೆಟ್ಟಿಗೆ ಬಟ್ಟೆ ಮತ್ತು ಅಕ್ಕತಂಗಿಯರಾದ ಎರಡು ಗಿನಿಪಿಗ್. ಮನೆಯಲ್ಲಿ ಯಾರು ಫ್ರಿಜ್ ಬಾಗಿಲು ತೆಗೆದರೂ ಅವೆರಡೂ ಒಟ್ಟಿಗೆ ಸೀಟಿ ಹೊಡೆಯುತ್ತಿದ್ದವು. ಮಳೆಗಾಲಕ್ಕೆ ಮುಂಚೆ ತಂಗಿ ಹೋಯಿತು. ಅಲ್ಲಿಂದ ಅಕ್ಕ ದೊರೆಸಾನಿಯ ಸೀಟಿಯೂ ನಿಂತಿತು. ಮಾವ ಫ್ರಿಜ್ ತೆರೆದು, ಕೈಯಲ್ಲಿ ಕ್ಯಾರೆಟ್ ಹಿಡಿದು, ಕಿವಿಗೊಟ್ಟು ನಿಂತೇ ಇರುತ್ತಿದ್ದರು. "ಅಪ್ಪಾ, ತಣ್ಣಗಿರೋದೆಲ್ಲ ಬಿಸಿ ಆಗತ್ತೆ" ಎಂದು ಮಗಳು ಗದರಿದ ಮೇಲೇ ಮುಚ್ಚುವುದು. ಒಂಟಿಯಾಗಿಟ್ಟರೆ ಈ ಪ್ರಾಣಿ ಕೊರಗಿಯೇ ಸಾಯುತ್ತದೆ, ಜೊತೆ ಬೇಕೇಬೇಕು ಎಂದು ಹೇಳಿದವಳು ಆಶ್ರಯಕೇಂದ್ರದ ಮೇಲ್ವಿಚಾರಕಿ.

ಆ ಮೇಲ್ವಿಚಾರಕಿಯೇ ಈಗ ದೊರೆಸಾನಿಯನ್ನು ಬುಟ್ಟಿಯಿಂದೆತ್ತಿ, ಬೆನ್ನ ಕೂದಲು ಸರಿಸಿ ನೋಡುತ್ತಿದ್ದಳು.

"ಎರಡು ಕೊಟ್ಟು ಕಳಿಸಿದೆ. ಮೊದಲನೇದು ಬಿಳೀದು, ನಿಮ್ಮದರ ಕೈಲಿ ಕಚ್ಚಿಸಿಕೊಂಡು ಬಂತು. ಎರಡನೇದು ಕಂದು, ಅದು ನಿಮ್ಮದನ್ನ ಕಚ್ಚಿ ಬಂತು. ಅಲ್ಲಿಗೆ ಲೆಕ್ಕ ಚುಕ್ತಾ ಅಂತೀರಾ?"

"ದೊರೆಸಾನಿಗೆ ಸ್ವಲ್ಪ ಸಿಟ್ಟು ಜಾಸ್ತಿ ಮೇಡಂ" ಎಂದರು ಮಾವ, ಮೊಮ್ಮಗಳ ಜಾಣತನ ಹೇಳುವಂತೆ.

"ಸಿಟ್ಟಲ್ಲ ಯಜಮಾನ್ರೇ. ಎರಡಕ್ಕೂ ಗಾಯ ಆಗಿರೋದು ಹಿಂಭಾಗದಲ್ಲಿ. ಎದುರಾಬದುರಾ ಜಗಳ ಆಡಿದ್ರೆ ಮೂತಿಗೆ ಆಗ್ಬೇಕಿತ್ತು. ಗೋಡೆ ಕಡೆ ಮುಖ ಮಾಡಿ, ಓಡೋಕೆ ದಾರಿ ಸಿಗದೆ ಸಿಕ್ಕಿಹಾಕ್ಕೊಂಡಿದ್ದಕ್ಕೇ ಹೀಗಾಗೋದು. ಎಲ್ಲಿ ಇಟ್ಟಿದ್ರಿ ಅವನ್ನ?"

ಬಡಗಿ ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಜಗಳಕ್ಕೆ ಮನೆ ಸಾಲದ್ದೇ ಕಾರಣ ಎಂದು ಯಾರೂ ಬೆರಳು ತೋರಿಸಬಾರದೆಂದೇ ಅವನು ಅಷ್ಟು ಭಾರದ್ದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಪಕ್ಕಕ್ಕೆ ಸರಿದು, ಕೈ ಬೀಸಿ ತೋರಿಸಿದ. ಕೆಲಸವೇ ಮಾತಾಡಲಿ.

ಮೇಲ್ವಿಚಾರಕಿ ಬಗ್ಗಿ, ಒಂದೊಂದು ಕೋಣೆಗೂ ಕೈಹಾಕಿ ಒಳಗೆಲ್ಲ ತಡವಿದಳು. "ಕೆಲಸ ಏನೋ ಭಾರೀ ಚೆನ್ನಾಗಿದೆ. ಇನ್ನೊಂದು ಬಾಗಿಲೆಲ್ಲಿ?"

"ಮನೆಗೆ ಎಷ್ಟು ಬಾಗಿಲು ಬೇಕು ಮೇಡಂ?"

"ಕೋಣೆಗೆ ಎರಡೆರಡು. ಒಂದು ಒಳಗೆ ಬಂದ್ರೆ ಇನ್ನೊಂದು ಹೊರಗೆ ಹೋಗ್ಬೇಕಲ್ಲ. ನಿಮ್ಮದ್ರಲ್ಲಿ ಹಿಂದಿನ ಕೋಣೆ ಒಳಗೆ ಹೋದೋರು ಒಳಗೇ. ಮನೆ ಅಲ್ಲ ಇದು, ಜೈಲು. ಚಂದದ ಜೈಲು."

ಅವಳು ಬೆರಳು ತೋರಿಸಿದ ಕಡೆ ಬಡಗಿ ನೋಡಿದ. ಮೂಲೆಯ ಪಂಜರದಲ್ಲಿ ಗಿನಿಪಿಗ್‌ಗಳ ದೊಡ್ಡ ಸಂಸಾರ. ಅವುಗಳಿಗೆ ಮನೆಯೆಂದು ಇಟ್ಟಿದ್ದು ಬೂಟಿನ ರಟ್ಟಿನ ಡಬ್ಬಿ. ಆಚೆಗೊಂದು ಈಚೆಗೊಂದು ತೂತು, ಅದೂ ಯಾರೋ ಹಲ್ಲಿನಲ್ಲಿ ಹರಿದಂತೆ. ಅದರೊಳಗಿಂದ ಒಂದಾದ ಮೇಲೊಂದು ಹಾದುಹೋಗುತ್ತಿದ್ದವು, ಯಾರಿಗೂ ಯಾರ ಮೇಲೂ ದೂರಿಲ್ಲ.

"ಇದು ಕಡೇ ಸಲ" ಎಂದಳು ಮೇಲ್ವಿಚಾರಕಿ. ಬೂದುಬಣ್ಣದ, ಕೂದಲು ಸುತ್ತ ಎದ್ದು ನಿಂತ, ಅಷ್ಟೇನೂ ಲಕ್ಷಣವಿಲ್ಲದ ನಡುವಯಸ್ಸಿನ ಹೆಣ್ಣೊಂದನ್ನು ಎತ್ತಿಕೊಂಡಳು. "ಇದು ಯಾರ ತಂಟೆಗೂ ಹೋಗಲ್ಲ, ಯಾರಿಗೂ ಹೆದರೋದೂ ಇಲ್ಲ. ಇದರ ಜೊತೆಗೂ ಆಗ್ಲಿಲ್ಲ ಅಂದ್ರೆ ದೊರೆಸಾನಿ ಇಲ್ಲೇ ಇರ್ಲಿ, ಗುಂಪಿನಲ್ಲಿ. ಒಂಟಿಯಾಗಿ ಇಡೋಕೆ ನಾನು ಬಿಡಲ್ಲ."

ಮಾವ ಬುಟ್ಟಿಯ ಹಿಡಿಯನ್ನು ಒಮ್ಮೆ ಬಿಟ್ಟು ಮತ್ತೆ ಹಿಡಿದುಕೊಂಡರು. "ಅದಕ್ಕೆ ಯಾವುದು ಒಳ್ಳೇದೋ ಅದು" ಎಂದರು.

ವಾಪಸು ಹೋಗಲು ಬಸ್ಸು ಹತ್ತಿದರು. ಎರಡು ಬುಟ್ಟಿಗಳು ಮಾವನ ಅಕ್ಕಪಕ್ಕ, ಮನೆ ಬಡಗಿಯ ತೊಡೆಯ ಮೇಲೆ. ಅದರ ಹಿಂಗೋಡೆ ಅವನ ಕಣ್ಣೆದುರೇ ಇತ್ತು. ಒಂದೇ ಹಲಗೆ. ನೀರಿನಲ್ಲಿ ಕಲ್ಲು ಹಾಕಿದಂತೆ ಮರದ ಗೆರೆಗಳು ನಡುವಿನಿಂದ ಹರಡಿಕೊಂಡಿದ್ದವು. ಆ ಹಲಗೆಯನ್ನು ಅವನು ವರ್ಷಗಟ್ಟಲೆ ಯಾವ ಗಿರಾಕಿಗೂ ಕೊಡದೆ ಎತ್ತಿಟ್ಟಿದ್ದ. ಮುಗಿದ ಕೆಲಸಕ್ಕೆ ಮತ್ತೆ ಗರಗಸ ಇಟ್ಟವನಲ್ಲ ಅವನು. ಗಿರಾಕಿಗಳು ಕೇಳಿಕೊಂಡಾಗಲೂ, "ಬೇಕಾದ್ರೆ ಹೊಸದು ಮಾಡಿಕೊಡ್ತೀನಿ, ಇದನ್ನ ಮುಟ್ಟಲ್ಲ" ಎಂದವನು.

"ಅಳಿಯಂದ್ರೇ" ಎಂದರು ಮಾವ. "ನಿಮ್ಮ ಮನೆ ಹಾಳು ಮಾಡೋದು ಬೇಡ. ಅಟ್ಟದ ಮೇಲೆ ಒಂದು ರಟ್ಟಿನ ಡಬ್ಬಿ ಇದೆ. ಎರಡು ತೂತು ಕೊರೆದ್ರಾಯ್ತು."

ಮಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಬಡಗಿಗೆ ಯಾರೋ ಸುತ್ತಿಗೆಯಿಂದ ಬೆರಳು ಜಜ್ಜಿದಂತಾಯಿತು. ತನ್ನ ಕೈಯ ಮನೆ ಅಟ್ಟ ಸೇರುವುದು, ಬೂಟಿನ ಡಬ್ಬಿ ಕೆಳಗಿಳಿದು ಬರುವುದು. ಅವನು ಹಿಂಗೋಡೆಯ ನಡುವೆ ಬೆರಳಿನಿಂದ ಒಂದು ಕಮಾನು ಗೀಚಿದ.

"ಮನೆಗೆ ಹೋದ ತಕ್ಷಣ ಹಲಗೆ ಹಿಡ್ಕೋಬೇಕು ನೀವು" ಎಂದ. "ಅಲ್ಲಾಡಿಸಬಾರದು."

"ನಾನು ಜೀವ ಇರೋ ತಲೆಗಳ ಮೇಲೆ ಕತ್ತಿ ಆಡಿಸಿದೋನು. ಅವು ಕೆಮ್ಮತಾವೆ, ನಗತಾವೆ, ನಿದ್ದೆ ಹೊಡೀತಾವೆ. ನಿಮ್ಮದು ಸತ್ತ ಮರ" ಎಂದರು ಮಾವ.

ಹಿತ್ತಲಿನ ಬೆಂಚಿನ ಮೇಲೆ ಕೆಲಸ ನಡೆಯಿತು. ಗರಗಸದ ಮೊದಲ ಎಳೆತಕ್ಕೆ ಬಡಗಿ ಕಣ್ಣು ಮುಚ್ಚಿದ, ಎರಡನೆಯದಕ್ಕೆ ತೆರೆದ. ಗೆರೆಗಳು ಬಾಗಿದ ದಾರಿಯನ್ನೇ ಹಿಡಿದು ಬಾಗಿಲಿನ ಕಮಾನು ಬಾಗಿಸಿದ, ಉಳಿಯಿಂದ ಸವರಿದ, ಉಪ್ಪುಕಾಗದದಿಂದ ಉಜ್ಜಿದ, ಎಣ್ಣೆ ಹಚ್ಚಿದ. ಮಾವ ಹಲಗೆ ಹಿಡಿದ ಕೈ ಬಂಡೆಯಂತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, "ಇದೇನು ದೊಡ್ಡ ವಿದ್ಯೆ? ನಮ್ಮನೇಲಿ ಹಿತ್ತಲ ಬಾಗಿಲು ಇರೋದಕ್ಕೇ ನೀವಿಬ್ರೂ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದೀರ" ಎಂದಳು. ಇಬ್ಬರೂ ಕೇಳಿಸದವರಂತೆ ಕೆಲಸ ಮುಂದುವರಿಸಿದರು.

ಎಣ್ಣೆ ಒಣಗಿ ವಾಸನೆ ಹೋದ ಮೇಲೆ, ಎರಡೂ ಗಿನಿಪಿಗ್ ಹಿಂದೆಂದೂ ಕಾಣದ ಹಜಾರದ ನೆಲದಲ್ಲಿ ಬಟ್ಟೆ ಹಾಸಿ, ಮನೆಯಿಟ್ಟು, ಒಣಹುಲ್ಲು ಹರಡಿ, ಎರಡನ್ನೂ ಬಿಟ್ಟರು. ದೊರೆಸಾನಿ ಕತ್ತಿನ ಕೂದಲು ನಿಮಿರಿಸಿ ಹಲ್ಲು ಕಟಕಟಿಸಿತು. ಮಾವ ಬೂದಿ ಎಂದು ಕರೆದ ಹೊಸ ಹೆಣ್ಣು ಅದರತ್ತ ಒಮ್ಮೆ ನೋಡಿ, ತನಗೆ ಸಂಬಂಧವಿಲ್ಲವೆಂಬಂತೆ ನಡೆದು ಹೋಗಿ ಮರದ ಮನೆಯ ಹಿಂದಿನ ಕೋಣೆ ಹೊಕ್ಕಿತು. ದೊರೆಸಾನಿ ಹಿಂದೆಯೇ ನುಗ್ಗಿತು. ಹಿಂದಿನ ಎರಡು ಸಲವೂ ಕಿರುಚಾಟ ಎದ್ದದ್ದು ಇಲ್ಲೇ. ಮಾವ ಎರಡೂ ಕೈ ಮುಂದೆ ಚಾಚಿದರು. ಬಡಗಿ ಅವರ ಮೊಣಕೈ ಹಿಡಿದುಕೊಂಡ.

"ತಡೀರಿ ಮಾವ. ಬಾಗಿಲಿದೆ."

ಕಮಾನಿನಡಿ ಮೊದಲು ಕಂಡದ್ದು ಬೂದಿಯ ಕೆದರಿದ ತಲೆ. ಅವಸರವಿಲ್ಲದೆ ಹೊರಬಂದು ಹುಲ್ಲಿಗೆ ಬಾಯಿ ಹಾಕಿತು. ಅದೇ ಬಾಗಿಲಿಂದ ದೊರೆಸಾನಿ ಬಂತು. ಆಚೆ ನೋಡಿತು, ಈಚೆ ನೋಡಿತು. ಬೂದಿ ಕಚ್ಚಿದ್ದ ಹುಲ್ಲುಕಡ್ಡಿಯ ಇನ್ನೊಂದು ತುದಿಯನ್ನು ತಾನು ಕಚ್ಚಿತು.

ಕೆಲವು ವಾರ ಕಳೆದು ಮೇಲ್ವಿಚಾರಕಿ ನೋಡಲು ಬಂದಳು. ನೆಲದ ಮೇಲೆ ಕೂತು, ಕೋಣೆ ಕೋಣೆಗೂ ಬೆರಳಾಡಿಸಿ, ಅಂಚಿನ ಮೇಲೆ ಹೆಬ್ಬೆರಳು ಎಳೆದಳು. "ಆಮೇಲೆ ಕೊರೆದದ್ದು ಯಾವುದಪ್ಪ ಇದರಲ್ಲಿ?" ಎಂದು ಕೇಳಿ, ತಾನೇ ಮುಂಬಾಗಿಲು ತೋರಿಸಿದಳು. "ಇದು, ಅಲ್ವಾ?"

ಬಡಗಿ ಕೇಳಿಸದವನಂತೆ ನಿಂತ.

ಒಳಗೆ ಮಾವ ಫ್ರಿಜ್ ತೆರೆದ ಸದ್ದಾಯಿತು. ಎರಡು ಬಾಗಿಲಲ್ಲಿ ಎರಡು ಮೂತಿಗಳು ಮೂಡಿ, ಒಂದೇ ಉಸಿರಿಗೆ ಸೀಟಿ ಹೊಡೆದವು.